ಹಾವಸೆ ಹಬ್ಬದ ದಾರಿ

ಕೇಳುಗರಿಗೆ ನಮಸ್ಕಾರ. ಮಳೆಗಾಲದಲ್ಲಿ ಶಿರಸಿ ಸೀಮೆಯ ಅಡಿಕೆ ತೋಟದ ದಾರಿಯನ್ನು ನೋಡಿದವರಿಗೆ ಗೊತ್ತು: ಜನ ತಿರುಗಾಡದ ಕಡೆ ಹಾವಸೆ ಹಬ್ಬುತ್ತದೆ, ತಿರುಗಾಡುವ ಕಡೆ ನೆಲ ಕಾಣುತ್ತದೆ. ಗಿಡದ ಜೀವಕೋಶದೊಳಗೂ ಬಹುಮಟ್ಟಿಗೆ ಇದೇ ಕಥೆ.

ಗಿಡಗಳ ಡಿಎನ್‌ಎಯಲ್ಲಿ ಕೆಲಸದ ಜೀನ್‌ಗಳ ನಡುವೆ ಜಿಗಿಯುವ ಜೀನ್‌ಗಳೂ ಸೇರಿಕೊಂಡಿವೆ. ಮೆಕ್ಕೆಜೋಳದಲ್ಲಿ ಅವುಗಳನ್ನು ಪತ್ತೆ ಮಾಡಿದ ಬಾರ್ಬರಾ ಮೆಕ್ಲಿಂಟಾಕ್ ಅವರಿಗೆ 1983ರಲ್ಲಿ ನೊಬೆಲ್ ಬಂತು. ಸಿಕ್ಕಲ್ಲಿ ನುಗ್ಗುವ ಈ ಪುಂಡರ ಮೇಲೆ ಗಿಡ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತನ್ನು ಅಂಟಿಸಿ ಬಾಯಿ ಮುಚ್ಚಿಸುತ್ತದೆ. ಗುರುತು ಬೀಳುವುದು ಎರಡು ಕಡೆ: ಡಿಎನ್‌ಎ ಮೇಲೆ ಮತ್ತು ಅದು ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನಿನ ಮೇಲೆ. ಅಲ್ಲಿಯ ಗುರುತನ್ನು ಕಂಡ ಕಿಣ್ವ ಇಲ್ಲಿ ಅಂಟಿಸುತ್ತದೆ, ಇಲ್ಲಿಯದನ್ನು ಕಂಡ ಕಿಣ್ವ ಅಲ್ಲಿ. ಹೀಗೆ ಒಂದಕ್ಕೊಂದು ಕುಮ್ಮಕ್ಕು ಕೊಡುವ ಏರ್ಪಾಡು ಪುಂಡರನ್ನಷ್ಟೇ ಹಿಡಿದು ಸಾಧುಗಳನ್ನು ಬಿಟ್ಟುಬಿಡುತ್ತದೆಂದು ನಂಬುವುದು ಹೇಗೆ?

ನಂಬಬೇಕಾಗಿಲ್ಲ, ಅಳಿಸುವವರಿದ್ದಾರೆ. ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಐಬಿಎಂ1 ಎಂಬ ಕಿಣ್ವವಿದೆ. 2008ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ಕೆಲಸವನ್ನು ವರದಿ ಮಾಡಿದರು. ಕೆಲಸ ನಡೆಯುತ್ತಿರುವ ಜೀನ್‌ಗಳಲ್ಲಿ ಹಿಸ್ಟೋನಿನ ಗುರುತನ್ನು ಅದು ಒರೆಸಿ ತೆಗೆಯುತ್ತದೆ; ಜಿಗಿಯುವ ಜೀನ್‌ಗಳ ತಂಟೆಗೆ ಹೋಗುವುದಿಲ್ಲ. ಐಬಿಎಂ1 ಇಲ್ಲದ ಗಿಡದಲ್ಲಿ ಸಾವಿರಾರು ಒಳ್ಳೆಯ ಜೀನ್‌ಗಳಿಗೆ ಮೀಥೈಲ್ ಮೆತ್ತಿಕೊಳ್ಳುತ್ತದೆ. ಎಲೆ ಕಿರಿದಾಗುತ್ತದೆ, ಹೂವು ವಿಕಾರವಾಗುತ್ತದೆ, ಪರಾಗ ಸರಿಯಾಗಿ ಬಲಿಯುವುದಿಲ್ಲ. ತಲೆಮಾರು ಕಳೆದಂತೆ ಅವಸ್ಥೆ ಇನ್ನೂ ಕೆಡುತ್ತದೆ.

ಇನ್ನೊಂದು ಕಿಣ್ವ ಆರ್‌ಒಎಸ್1. ಇದು 2002ರಲ್ಲೇ ಬೆಳಕಿಗೆ ಬಂದಿತ್ತು. ಇದು ಡಿಎನ್‌ಎಯಲ್ಲಿ ಮೀಥೈಲ್ ಹೊತ್ತ ಅಕ್ಷರವನ್ನೇ ಕಿತ್ತು ಹಾಕುತ್ತದೆ. ಆ ಜಾಗಕ್ಕೆ ಗುರುತಿಲ್ಲದ ಅಕ್ಷರ ಬಂದು ಕೂರುತ್ತದೆ. ನನಗೆ ಬಹಳ ಹಿಡಿಸಿದ್ದು ಇದರ ತಮಾಷೆ. ಗಿಡದಲ್ಲಿ ಮೀಥೈಲ್ ಹಾಕುವ ಕೆಲಸ ಕುಗ್ಗಿದರೆ ಆರ್‌ಒಎಸ್1 ತಾನೂ ಮಂಕಾಗುತ್ತದೆ, ಏಕೆಂದರೆ ಇದರ ಸ್ವಂತ ಜೀನ್ ಚುರುಕಾಗಿರಲು ಪಕ್ಕದಲ್ಲಿ ಮೀಥೈಲ್ ಇರಲೇಬೇಕು. ಒರೆಸಲು ಏನೂ ಇಲ್ಲದಾಗ ಒರೆಸುವವನಿಗೆ ಸಂಬಳ ಕೊಟ್ಟು ಇಟ್ಟುಕೊಳ್ಳುವಷ್ಟು ಗಿಡ ದಡ್ಡವಲ್ಲ.

ಹಾಗೆಂದು ಗುರುತೆಲ್ಲ ಅಳಿದರೆ ಒಳ್ಳೆಯದೇ? ಅಡಿಕೆಯ ತಾಳೆ ಕುಟುಂಬದ್ದೇ ಆದ ಎಣ್ಣೆತಾಳೆಯಲ್ಲಿ ಅಂಗಾಂಶ ಕೃಷಿಯಿಂದ ಬಂದ ಕೆಲವು ಸಸಿಗಳು ವಿಕಾರವಾದ, ಎಣ್ಣೆ ತೀರಾ ಕಡಿಮೆಯಿರುವ ಕಾಯಿ ಬಿಡುತ್ತಿದ್ದವು. ಕಾರಣ 2015ರಲ್ಲಿ ಸಿಕ್ಕಿತು: ಹೂವನ್ನು ರೂಪಿಸುವ ಒಂದು ಜೀನಿನೊಳಗೆ ಕುಳಿತ ಜಿಗಿಯುವ ಜೀನ್ ತನ್ನ ಮೀಥೈಲನ್ನು ಕಳೆದುಕೊಂಡಿತ್ತು. ಆ ದೋಷ ಸಸಿಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ಗಿಡ ಕಾಯಿ ಬಿಡುವಷ್ಟು ದೊಡ್ಡದಾದ ಮೇಲಷ್ಟೇ ಬೆಳೆಗಾರನಿಗೆ ತಿಳಿಯುತ್ತದೆ.