ಎರಡೇ ದಿನದ ಮುಷ್ಕರ: 2016ರಲ್ಲಿ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದದ್ದು

ಎಲ್ಲರಿಗೂ ನಮಸ್ಕಾರ.

ಮುಷ್ಕರ ಎಂದರೆ ಬೆಂಗಳೂರಿನ ಹಿರಿಯರಿಗೆ ನೆನಪಾಗುವುದು 1980–81ರ ಹೋರಾಟ. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಎಂಬ ಕೇಂದ್ರ ಸರ್ಕಾರಿ ಕಾರ್ಖಾನೆಗಳ ಕಾರ್ಮಿಕರು ಇನ್ನೊಂದು ಸರ್ಕಾರಿ ಕಂಪನಿ ಬಿಎಚ್‌ಇಎಲ್‌ಗೆ ಸರಿಸಮನಾದ ಸಂಬಳ ಕೇಳಿ 77 ದಿನ ಕೆಲಸ ನಿಲ್ಲಿಸಿದರು. ಬಲವಾದ ಸಂಘಗಳಿದ್ದವು, ನುರಿತ ನಾಯಕರಿದ್ದರು. ಆದರೂ ಕೇಳಿದ್ದು ಕೈಗೆ ಬರಲಿಲ್ಲ. ನಾನಿವತ್ತು ಹೇಳಹೊರಟಿರುವುದು ಅದಕ್ಕೆ ತದ್ವಿರುದ್ಧವಾದ ಕತೆ: ಯಾವ ಸಂಘವೂ ಕರೆ ಕೊಡಲಿಲ್ಲ, ನೋಟಿಸ್ ಇರಲಿಲ್ಲ, ಎರಡನೇ ದಿನಕ್ಕೇ ಕೇಂದ್ರ ಸರ್ಕಾರ ಮಣಿಯಿತು.

ವಿಷಯ ಪಿಎಫ್‌ನದು, ಅಂದರೆ ಭವಿಷ್ಯ ನಿಧಿಯದು. ಕಾರ್ಮಿಕರ ಸಂಬಳದಿಂದ ಶೇ 12 ಹೋಗುತ್ತದೆ, ಮಾಲೀಕರೂ ಶೇ 12 ಕಟ್ಟುತ್ತಾರೆ. ಮಾಲೀಕರ ಪಾಲಿನಲ್ಲಿ ಶೇ 8.33 ಪಿಂಚಣಿಗೆ, ಉಳಿದ ಶೇ 3.67 ಪಿಎಫ್ ಖಾತೆಗೆ. 2016ರ ಫೆಬ್ರುವರಿ 10ರ ಅಧಿಸೂಚನೆ ಹೇಳಿದ್ದಿಷ್ಟು: ಕೆಲಸ ಬಿಟ್ಟರೆ ನಿಮ್ಮ ಪಾಲು ತೆಗೆದುಕೊಳ್ಳಿ, ಮಾಲೀಕರ ಪಾಲು 58 ವರ್ಷವಾಗುವವರೆಗೆ ಮುಟ್ಟುವಂತಿಲ್ಲ.

ಸಂಬಳ 7,000 ಎಂದಿಟ್ಟುಕೊಳ್ಳಿ. ಆ ಶೇ 3.67 ಎಂದರೆ ತಿಂಗಳಿಗೆ 257 ರೂಪಾಯಿ. ಇಷ್ಟಕ್ಕೆ ಇಷ್ಟು ಗಲಾಟೆಯೇ ಎಂದು ಆಗ ಕೇಳಿದವರು ಬಹಳ. ಐದು ವರ್ಷಕ್ಕೆ ಲೆಕ್ಕ ಹಾಕಿ, ಬಡ್ಡಿ ಬಿಟ್ಟೇ 15,000 ದಾಟುತ್ತದೆ. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಮಷಿನ್ ಮುಂದೆ ಕೂರುವವರು ಎಷ್ಟು ಜನ? ಟಾರ್ಗೆಟ್ ಒತ್ತಡಕ್ಕೆ ಬೆನ್ನು, ಕಣ್ಣು ಅದಕ್ಕೂ ಎಷ್ಟೋ ಮೊದಲೇ ಸೋಲುತ್ತವೆ. ಕೈಸಾಲ ತೀರಿಸಲು, ಮಗಳ ಮದುವೆಗೆ, ಮಕ್ಕಳ ಫೀಸಿಗೆ ಕೆಲಸ ಬಿಟ್ಟು ಪಿಎಫ್ ತೆಗೆಸುವುದು, ಆಮೇಲೆ ಇನ್ನೊಂದು ಫ್ಯಾಕ್ಟರಿಗೆ ಸೇರುವುದು ಅಲ್ಲಿನ ರೂಢಿ. ಅವರ ಪಾಲಿಗೆ ಪಿಎಫ್ ಎಂದರೆ ಮುಪ್ಪಿನ ಹಣವಲ್ಲ, ಕಷ್ಟಕಾಲದ ಗಂಟು.

ಏಪ್ರಿಲ್ 18ರಂದು ಬೆಂಗಳೂರಿನ ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಮರುದಿನ ತುಮಕೂರು ರಸ್ತೆ, ಮೈಸೂರು ರಸ್ತೆ ಕೂಡ ನಿಂತವು. ಮಷಿನ್ ನಿಲ್ಲಿಸಿ ಒಳಗೇ ಕೂರಬಹುದಿತ್ತಲ್ಲ? ಕೂತಿದ್ದರೆ ಹೋಗುತ್ತಿದ್ದುದು ಅವರದೇ ಕೂಲಿ. ಪಿಎಫ್ ನಿಯಮ ಬದಲಿಸುವುದು ಮಾಲೀಕನ ಕೈಯಲ್ಲೂ ಇರಲಿಲ್ಲ. ದೆಹಲಿಗೆ ಕೇಳಿಸಬೇಕಾದರೆ ಐಟಿ ಕಂಪನಿಗಳಿರುವ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದಾರಿಯನ್ನೇ ಅಡ್ಡಗಟ್ಟಬೇಕು. ಇದನ್ನು ಯಾರೂ ಅವರಿಗೆ ಪಾಠ ಮಾಡಲಿಲ್ಲ.

ಎರಡನೇ ದಿನ ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು, ಲಾಠಿ, ಅಶ್ರುವಾಯು ಎಲ್ಲ ನಡೆಯಿತು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ರಸ್ತೆಯಲ್ಲಿ ಕೂತು ನಿಯಮ ಮುರಿಯುವುದೂ ಬಸ್ ಸುಡುವುದೂ ಒಂದೇ ಎಂಬಂತೆ ಬರೆದವರನ್ನೂ ಒಪ್ಪಲಾರೆ. ಅದೇ ದಿನ ಅಂದಿನ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆ ರದ್ದೆಂದು ಘೋಷಿಸಿದರು.

ಇದನ್ನು ದೊಡ್ಡ ಗೆಲುವೆಂದು ಹೊಗಳುವವರಿಗೆ ನನ್ನದೊಂದು ತಕರಾರಿದೆ. ಇದ್ದದ್ದು ಉಳಿಯಿತು, ಹೊಸದೇನೂ ಬರಲಿಲ್ಲ. ಸಂಬಳ ಅಷ್ಟೇ, ಟಾರ್ಗೆಟ್ ಅಷ್ಟೇ. 2020ರಲ್ಲಿ ರಾಜ್ಯ ಸರ್ಕಾರ ತುಟ್ಟಿಭತ್ಯೆ ಮುಂದೂಡಿದಾಗ, ಕೋವಿಡ್ ಕಾಲ, ಯಾವ ರಸ್ತೆಯೂ ನಿಲ್ಲಲಿಲ್ಲ. ಗಾರ್ಮೆಂಟ್ಸ್ ಕಾರ್ಮಿಕರ ಸಂಘ ಹೈಕೋರ್ಟಿಗೆ ಹೋಗಬೇಕಾಯಿತು, ಲಕ್ಷಾಂತರ ಜನ ಬಾಕಿಗಾಗಿ ಸುಮಾರು ಎರಡು ವರ್ಷ ಕಾಯಬೇಕಾಯಿತು. ಕಿತ್ತುಕೊಳ್ಳಲು ಬಂದ ಕೈಯನ್ನು ಸಿಟ್ಟು ತಡೆಯಬಲ್ಲದು. ಕೊಡದವನಿಂದ ವರ್ಷ ವರ್ಷ ವಸೂಲಿ ಮಾಡಲು ಚಂದಾ ಕಟ್ಟಿದ ಸದಸ್ಯರು, ಕಡತ, ವಕೀಲರು ಬೇಕು.

ಕೊನೆಯದಾಗಿ ಕಾನೂನಿನ ಮಾತು. ಹಿಂದೆ ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕೆಂಬ ಕಟ್ಟುಪಾಡು ಮುಖ್ಯವಾಗಿ ಸಾರ್ವಜನಿಕ ಸೇವೆಗಳಿಗಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ಎಲ್ಲ ಕೈಗಾರಿಕೆಗಳಿಗೂ ಹಾಸಿದೆ. ಅರ್ಧದಷ್ಟು ಜನ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಫೆಬ್ರುವರಿಯ ಆ ಪಿಎಫ್ ಅಧಿಸೂಚನೆಯ ಜಾರಿಗೆ ಏಪ್ರಿಲ್ 30ರವರೆಗೆ ಮಾತ್ರ ತಡೆಯಿತ್ತು. ಬೊಮ್ಮನಹಳ್ಳಿಯ ಹೆಂಗಸರು 18ನೇ ತಾರೀಖು ನೋಟಿಸ್ ಕೊಟ್ಟು ಕಾದಿದ್ದರೆ, ಆ 14 ದಿನ ಮುಗಿಯುವಷ್ಟರಲ್ಲಿ ಮೇ ತಿಂಗಳು ಬಂದಿರುತ್ತಿತ್ತು.