ದಾರಿಯಲ್ಲಿ ಎಲ್ಕ್ ಎದುರಾದರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಗನ ಮನೆಗೋ ಮಗಳ ಮನೆಗೋ ಅಂತ ಅಮೆರಿಕಕ್ಕೆ ಹೋಗಿಬರುವವರು ಈಗ ನಮ್ಮಲ್ಲಿ ಊರೂರಲ್ಲೂ ಇದ್ದಾರೆ. ರಜೆ ಸಿಕ್ಕಾಗ ಮಕ್ಕಳು ಅವರನ್ನು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡಲು ಕರೆದುಕೊಂಡು ಹೋಗುತ್ತಾರೆ. ಇಲ್ಲವಾದರೆ ಕೊಲೊರಾಡೊದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನಕ್ಕೆ. ಅಲ್ಲಿ ರಸ್ತೆ ಪಕ್ಕದಲ್ಲೇ, ಕೆಲವು ಸಲ ಹೋಟೆಲಿನ ಮುಂದಿನ ಹುಲ್ಲಿನ ಮೇಲೇ, ಎಲ್ಕ್ ಎಂಬ ದೊಡ್ಡ ಜಿಂಕೆ ಮೇಯುತ್ತಾ ನಿಂತಿರುತ್ತದೆ. ಜನ ಕಂಡರೂ ಓಡುವುದಿಲ್ಲ. ತಲೆ ಎತ್ತಿ ಒಮ್ಮೆ ನೋಡುತ್ತದೆ, ಮತ್ತೆ ಮೇಯುತ್ತದೆ. ಆಗಲೇ ನಮಗೆ ಫೋನ್ ಹಿಡಿದುಕೊಂಡು ಹತ್ತಿರ ಹೋಗುವ ಆಸೆ ಬರುವುದು. ಆ ಆಸೆಯನ್ನು ಏಕೆ ತಡೆದುಕೊಳ್ಳಬೇಕು ಎಂದು ಹೇಳುವುದಕ್ಕೇ ನಾನು ಇವತ್ತು ಬಂದಿದ್ದೇನೆ.

ಎಲ್ಕ್ ನಮ್ಮ ಕಡವೆಯ ನೆಂಟ. ಮೈಕಟ್ಟು ಮಾತ್ರ ಅದಕ್ಕಿಂತ ದೊಡ್ಡದು. ಬಲಿತ ಗಂಡು 300 ಕಿಲೋ ದಾಟುತ್ತದೆ. ನೆಲದಿಂದ ಭುಜಕ್ಕೆ ಒಂದೂವರೆ ಮೀಟರ್ ಎತ್ತರ. ಹೆಣ್ಣಿಗೆ ಕೊಂಬಿಲ್ಲ, ಆದರೂ ಅದು 200 ಕಿಲೋಗಿಂತ ಜಾಸ್ತಿಯೇ ತೂಗುತ್ತದೆ. ಗಂಡಿನ ಕೊಂಬು ಪ್ರತಿವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಉದುರಿ, ಬೇಸಿಗೆಯಲ್ಲಿ ಹೊಸದಾಗಿ ಬೆಳೆಯುತ್ತದೆ. ದೊಡ್ಡ ಗಂಡಿನ ಜೋಡಿ ಕೊಂಬು ಹತ್ತು ಕಿಲೋಗಿಂತ ಹೆಚ್ಚು ತೂಗುವುದುಂಟು. ಇಷ್ಟನ್ನು ಕೆಲವೇ ತಿಂಗಳಲ್ಲಿ ಬೆಳೆಸಿಕೊಳ್ಳುವ ಆ ಮೈಯ ಶಕ್ತಿ ಎಷ್ಟಿರಬೇಕು, ಯೋಚನೆ ಮಾಡಿ.

ಸೆಪ್ಟೆಂಬರ್ ಬಂತೆಂದರೆ ಎಲ್ಕ್‌ಗೆ ಬೆದೆಗಾಲ. ಅಕ್ಟೋಬರ್ ಅರ್ಧದವರೆಗೂ ಇದರ ಜೋರು ಇರುತ್ತದೆ. ಅಷ್ಟು ದೊಡ್ಡ ಪ್ರಾಣಿಯ ಗಂಟಲಿನಿಂದ ತೆಳ್ಳಗೆ, ಸೀಟಿ ಊದಿದಂಥ ಕೂಗು ಏಳುತ್ತದೆ. ಕೊನೆಯಲ್ಲಿ ಅದೇ ಗೊಗ್ಗರು ದನಿಯಾಗಿ ಇಳಿಯುತ್ತದೆ. ಒಂದು ಕೂಗಿದರೆ ಬೆಟ್ಟದ ಆಚೆಯಿಂದ ಇನ್ನೊಂದು ಉತ್ತರ ಕೊಡುತ್ತದೆ. ಇದನ್ನು ಕೇಳಲೆಂದೇ ಕೊಲೊರಾಡೊದ ಎಸ್ಟೆಸ್ ಪಾರ್ಕ್ ಎಂಬ ಊರಿಗೆ ಜನ ಗುಂಪುಗುಂಪಾಗಿ ಬರುತ್ತಾರೆ. ಆ ಕಣಿವೆಯಲ್ಲಿ ಒಂದು ಕಾಲಕ್ಕೆ ಬೇಟೆಯಿಂದ ಎಲ್ಕ್ ಹೆಚ್ಚುಕಡಿಮೆ ಅಳಿದೇ ಹೋಗಿತ್ತು. 1913 ಮತ್ತು 1914ರಲ್ಲಿ ಯೆಲ್ಲೋಸ್ಟೋನ್‌ನಿಂದ ತಂದು ಬಿಟ್ಟಮೇಲೆ ಅಲ್ಲಿ ಮತ್ತೆ ಹಿಂಡು ಬೆಳೆಯಿತು. ಹಾಗಾಗಿ ಇವತ್ತು ಅಲ್ಲಿ ಕೇಳುವ ಪ್ರತಿಯೊಂದು ಕೂಗಿನ ಹಿಂದೆಯೂ ಜನರ ಶ್ರಮ ಇದೆ ಅಂತ ನನಗೆ ಅನಿಸುತ್ತದೆ.

ಆದರೆ ಆ ದಿನಗಳಲ್ಲಿ ಗಂಡು ಎಲ್ಕ್‌ಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಸರಿಯಾಗಿ ಮೇಯುವುದೂ ಇಲ್ಲ. ತನ್ನ ಹೆಣ್ಣುಗಳ ಸುತ್ತ ಓಡಾಡುತ್ತಲೇ ಇರುತ್ತದೆ. ಯಾರೇ ಹತ್ತಿರ ಬರಲಿ, ಪೈಪೋಟಿಗೆ ಬಂದಂತೆಯೇ ಅದಕ್ಕೆ ಕಾಣುತ್ತದೆ. ಯೆಲ್ಲೋಸ್ಟೋನ್‌ನ ಮ್ಯಾಮತ್ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ನಿಂತ ಕಾರುಗಳಿಗೂ ಕೊಂಬಿನಿಂದ ಗುದ್ದಿದ್ದುಂಟು. ಕಿವಿ ಹಿಂದಕ್ಕೆ ಅಂಟಿಸಿದರೆ, ಹಲ್ಲು ಕಡಿದರೆ, ಪೊದೆಗೆ ಕೊಂಬು ಹಾಕಿ ಕಿತ್ತಾಡಿದರೆ, ನಾವು ಆಗಲೇ ಜಾಸ್ತಿ ಹತ್ತಿರ ಹೋಗಿದ್ದೇವೆ ಎಂದು ತಿಳಿಯಬೇಕು.

ಗಂಡಿಗೆ ಹೆದರುವಷ್ಟು ಜನ ಹೆಣ್ಣಿಗೆ ಹೆದರುವುದಿಲ್ಲ. ಕೊಂಬಿಲ್ಲ, ಸಾಧು ಮುಖ, ಅಲ್ವಾ? ಮೇ ಕೊನೆಯಿಂದ ಜೂನ್‌ವರೆಗೆ ಅದು ಮರಿ ಹಾಕುವ ಕಾಲ. ಮರಿಗೆ ಮೊದಲ ದಿನಗಳಲ್ಲಿ ತಾಯಿಯ ಹಿಂದೆ ಓಡುವ ಕಸುವು ಇರುವುದಿಲ್ಲ. ಅದಕ್ಕೇ ತಾಯಿ ಅದನ್ನು ಹುಲ್ಲಿನಲ್ಲಿ, ಪೊದೆ ಮರೆಯಲ್ಲಿ, ಮ್ಯಾಮತ್‌ನಂಥ ಕಡೆ ಕಟ್ಟಡದ ಗೋಡೆ ಪಕ್ಕದಲ್ಲೇ ಮಲಗಿಸಿ ಸ್ವಲ್ಪ ದೂರದಲ್ಲಿ ಮೇಯುತ್ತಿರುತ್ತದೆ. ನಮಗೆ ಮರಿ ಕಾಣುವುದಿಲ್ಲ. ಸುಮ್ನೆ ಮೂಲೆ ತಿರುಗುತ್ತೇವೆ, ಎರಡರ ನಡುವೆ ನಿಂತುಬಿಟ್ಟಿರುತ್ತೇವೆ. 2018ರ ಜೂನ್ ಮೊದಲ ವಾರದಲ್ಲಿ ಅಲ್ಲಿನ ಹೋಟೆಲಿನ ಹಿಂಭಾಗದಲ್ಲಿ ಎರಡು ದಿನಗಳ ಅಂತರದಲ್ಲಿ ಇಬ್ಬರು ಮಹಿಳೆಯರನ್ನು ಹೆಣ್ಣು ಎಲ್ಕ್ ಒದ್ದು ಗಾಯಗೊಳಿಸಿತು. ಮೊದಲನೆಯವರು ಅಲ್ಲೇ ಕೆಲಸ ಮಾಡುತ್ತಿದ್ದವರು. ಮರಿ ಕೆಲವೇ ಹೆಜ್ಜೆ ದೂರದಲ್ಲಿ ಮಲಗಿತ್ತು. ಮುಂಗಾಲಿನ ಗೊರಸಿನಿಂದ ಒದೆಯುವುದು ಅದರ ಯುದ್ಧ. ಆ ಒದೆತ ತೋಳವನ್ನೂ ಹಿಮ್ಮೆಟ್ಟಿಸಬಲ್ಲದು.

ಇಲ್ಲಿ ಇನ್ನೊಂದು ಸಂಗತಿ ಹೇಳಲೇಬೇಕು. ಕಾಡಿನಲ್ಲಿ ಒಂಟಿ ಮರಿ ಕಂಡರೆ ನಮ್ಮ ಕರುಳು ಚುರ್ ಎನ್ನುತ್ತದೆ. ತಾಯಿ ಬಿಟ್ಟುಹೋಗಿದೆ ಅಂದುಕೊಳ್ಳುತ್ತೇವೆ. 2023ರ ಮೇ ತಿಂಗಳಲ್ಲಿ ಯೆಲ್ಲೋಸ್ಟೋನ್‌ನ ಲಮಾರ್ ಕಣಿವೆಯಲ್ಲಿ ಬೈಸನ್ ಎಂಬ ಅಲ್ಲಿನ ಕಾಡುದನಗಳ ಹಿಂಡು ಹೊಳೆ ದಾಟುವಾಗ ಹೊಸದಾಗಿ ಹುಟ್ಟಿದ ಒಂದು ಕರು ಹಿಂದೆ ಉಳಿಯಿತು. ಪ್ರವಾಸಿಯೊಬ್ಬರು ಅದನ್ನು ಕೈಯಿಂದ ತಳ್ಳಿ ದಡ ಹತ್ತಿಸಿ ರಸ್ತೆಗೆ ತಂದರು. ಹಿಂಡು ಕರುವನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಉದ್ಯಾನದ ಸಿಬ್ಬಂದಿ ಮತ್ತೆ ಮತ್ತೆ ಪ್ರಯತ್ನ ಪಟ್ಟರು, ಆಗಲಿಲ್ಲ. ಕರು ಕಾರುಗಳ ಹತ್ತಿರ, ಜನರ ಹತ್ತಿರ ಬರತೊಡಗಿತು. ಕೊನೆಗೆ ಸಿಬ್ಬಂದಿಯೇ ಅದನ್ನು ಕೊಲ್ಲಬೇಕಾಯಿತು. ಆ ಪ್ರವಾಸಿಗೆ ನ್ಯಾಯಾಲಯ ದಂಡ ಹಾಕಿತು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದೇ ಎಲ್ಲರೂ ಹೇಳಿದರು. ನನಗೆ ಅದೇ ಹೆಚ್ಚು ಸಂಕಟದ ವಿಷಯ. ಒಳ್ಳೆಯ ಮನಸ್ಸಿನಿಂದ ಮುಟ್ಟಿದ ಕೈಯೇ ಆ ಕರುವಿನ ಪ್ರಾಣಕ್ಕೆ ಎರವಾಯಿತು.

ಹಾಗಾದರೆ ಎಷ್ಟು ದೂರ ನಿಲ್ಲಬೇಕು? ಯೆಲ್ಲೋಸ್ಟೋನ್ ನಿಯಮ ಹೀಗಿದೆ. ಎಲ್ಕ್, ಬೈಸನ್ ಮುಂತಾದವುಗಳಿಂದ ಕಡಿಮೆಯೆಂದರೂ 23 ಮೀಟರ್. ಕರಡಿ, ತೋಳಗಳಿಂದ 91 ಮೀಟರ್. 23 ಮೀಟರ್ ಅಂದರೆ ನಮ್ಮ ಎರಡು ಸಾರಿಗೆ ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು. ದೂರದ ಅಂದಾಜು ಸಿಗದಿದ್ದರೆ ಸುಲಭದ ದಾರಿ ಇದೆ. ಕೈ ನೇರ ಚಾಚಿ, ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿ. ಬೆರಳಿನ ಹಿಂದೆ ಪ್ರಾಣಿ ಪೂರ್ತಿ ಮರೆಯಾದರೆ ಸರಿ. ಬೆರಳಿನ ಆಚೀಚೆ ಕೊಂಬೋ ಬಾಲವೋ ಕಂಡರೆ ಹಿಂದೆ ಸರಿಯಿರಿ. ಪ್ರಾಣಿಯೇ ನಮ್ಮ ಕಡೆ ನಡೆದುಬಂದರೂ ಸರಿಯಬೇಕಾದವರು ನಾವೇ.

ಎಲ್ಕ್ ಮೈಮೇಲೆ ಬಂದರೆ ಬೇಗ ಕಾರಿನೊಳಗೆ ಸೇರಿಕೊಳ್ಳಿ, ಇಲ್ಲವೇ ಗಟ್ಟಿಯಾದ ಏನಾದರೊಂದರ ಮರೆಗೆ ಹೋಗಿ. ಬೈಸನ್ ನಮ್ಮ ಕಾಟಿಯ ಬಳಗದ್ದು. ಹುಲ್ಲಿನಲ್ಲಿ ಮಲಗಿದ್ದಾಗ ಬಂಡೆ ಇದ್ದ ಹಾಗೆ ಇರುತ್ತದೆ, ಎದ್ದು ಓಡಿದರೆ ಗಂಟೆಗೆ 56 ಕಿಲೋಮೀಟರ್ ವೇಗ. ಯೆಲ್ಲೋಸ್ಟೋನ್‌ನಲ್ಲಿ ಬೇರೆ ಎಲ್ಲ ಪ್ರಾಣಿಗಳಿಗಿಂತ ಹೆಚ್ಚು ಜನರನ್ನು ಗಾಯಗೊಳಿಸಿರುವುದು ಇದೇ. ಬಾಲ ಎತ್ತಿ ನಿಲ್ಲಿಸಿದರೆ ಅಲ್ಲಿಂದ ಹೊರಡಿ. ಮೂಸ್ ಜಿಂಕೆ ಜಾತಿಯಲ್ಲೇ ಎಲ್ಲಕ್ಕಿಂತ ದೊಡ್ಡದು. ಅದು ನುಗ್ಗಿದರೆ ಓಡಿ ದಪ್ಪ ಮರದ ಹಿಂದೆ ನಿಲ್ಲಬಹುದು. ಆದರೆ ಕರಡಿ ಕಂಡಾಗ ಓಡಲೇಬಾರದು. ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಬರುವುದು ಅದರ ಸ್ವಭಾವ. ಮೆಲ್ಲನೆ ಮಾತಾಡುತ್ತಾ ಹಿಂದೆ ಹಿಂದೆ ಹೆಜ್ಜೆ ಇಡಬೇಕು. ಕಾಲುದಾರಿಯಲ್ಲಿ ಹೋಗುವವರು ಬೇರ್ ಸ್ಪ್ರೇ ಎಂಬ ಖಾರದ ಸ್ಪ್ರೇ ಡಬ್ಬಿಯನ್ನು ಸೊಂಟದಲ್ಲೇ ಇಟ್ಟುಕೊಳ್ಳುತ್ತಾರೆ. ಬ್ಯಾಗಿನ ತಳದಲ್ಲಿದ್ದರೆ ಉಪಯೋಗವಿಲ್ಲ. ಅದನ್ನು ಮೈಗೆ ಹಚ್ಚಿಕೊಳ್ಳುವಂತಿಲ್ಲ, ನುಗ್ಗಿಬರುವ ಕರಡಿಯ ಮುಖದ ಕಡೆಗೆ ಹೊಡೆಯಬೇಕು. ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಅಲ್ಲೇ ಕೊಳ್ಳಬೇಕು.

ಇನ್ನು ರಸ್ತೆಯ ಮಾತು. ನಡುರಸ್ತೆಯಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಯಬೇಡಿ. ಒಂದು ಕಾರು ನಿಂತರೆ ಹಿಂದೆ ಸಾಲುಸಾಲಾಗಿ ನಿಲ್ಲುತ್ತವೆ, ಪ್ರಾಣಿಗೆ ದಾಟಲು ಸಂದೇ ಉಳಿಯುವುದಿಲ್ಲ. ನಿಲ್ಲಲೆಂದೇ ಮಾಡಿದ ಜಾಗಗಳು ಇರುತ್ತವೆ, ಅಲ್ಲಿಯವರೆಗೆ ಹೋಗಿ. ಮುಂಜಾನೆ ಮತ್ತು ಮುಸ್ಸಂಜೆ ಎಲ್ಕ್ ಹೆಚ್ಚು ಓಡಾಡುವ ಹೊತ್ತು, ನಮ್ಮ ಕಣ್ಣು ಕಡಿಮೆ ಕಾಣುವ ಹೊತ್ತೂ ಅದೇ. ಒಂದು ದಾಟಿತು ಅಂತ ಆಕ್ಸಿಲರೇಟರ್ ಒತ್ತಬೇಡಿ. ಹಿಂದೆ ಇನ್ನೂ ನಾಲ್ಕು ಬರುತ್ತಿರಬಹುದು. ಮೂಸ್ ವಿಷಯದಲ್ಲಿ ಅಪಾಯ ಇನ್ನೂ ಜಾಸ್ತಿ. ಅದರ ಕಾಲು ಎಷ್ಟು ಉದ್ದವೆಂದರೆ, ಕಾರು ಕಾಲಿಗೆ ಬಡಿದಾಗ ಭಾರದ ಮೈ ಬಾನೆಟ್ ದಾಟಿ ಮುಂದಿನ ಗಾಜಿನ ಮೇಲೇ ಬೀಳುತ್ತದೆ. ಮೈಬಣ್ಣವೂ ಕಪ್ಪು, ರಾತ್ರಿ ಹೆಡ್‌ಲೈಟಿಗೆ ಸುಲಭವಾಗಿ ಕಾಣುವುದಿಲ್ಲ.

ಚಾಲಕರ ಎಚ್ಚರವೊಂದೇ ಸಾಲದು, ರಸ್ತೆಯನ್ನೇ ಬೇರೆ ರೀತಿ ಕಟ್ಟಬೇಕು ಎಂದು ಕೆನಡಾದ ಬ್ಯಾಂಫ್ ರಾಷ್ಟ್ರೀಯ ಉದ್ಯಾನದಲ್ಲಿ 1980ರ ದಶಕದಿಂದಲೇ ಕೆಲಸ ಶುರುವಾಯಿತು. ಹೆದ್ದಾರಿಯ ಎರಡೂ ಬದಿ ಎತ್ತರದ ಬೇಲಿ ಹಾಕಿದರು. ಪ್ರಾಣಿಗಳು ದಾಟಲು 6 ಮೇಲ್ಸೇತುವೆ, 38 ಕೆಳದಾರಿ ಮಾಡಿದರು. ಮೇಲ್ಸೇತುವೆಯ ಮೇಲೆ ಮಣ್ಣು ತುಂಬಿ ಹುಲ್ಲು, ಗಿಡ ಬೆಳೆಸಿದರು. ಎಲ್ಕ್ ಎಲ್ಲರಿಗಿಂತ ಮೊದಲು ಅದನ್ನು ಬಳಸಿತು, ಕೆಲವು ಕಡೆ ಕೆಲಸ ಮುಗಿಯುವ ಮೊದಲೇ. ಗ್ರಿಜ್ಲಿ ಕರಡಿಗೆ ನಂಬಿಕೆ ಬರಲು ವರ್ಷಗಳೇ ಬೇಕಾದವು. ಆ ಹೆದ್ದಾರಿಯಲ್ಲಿ ಪ್ರಾಣಿಗಳಿಗೆ ವಾಹನ ಬಡಿಯುವುದು ಶೇಕಡಾ 80ಕ್ಕೂ ಹೆಚ್ಚು ಕಡಿಮೆಯಾಯಿತು. ಎಲ್ಕ್ ಮತ್ತು ಜಿಂಕೆಗಳನ್ನಷ್ಟೇ ಲೆಕ್ಕ ಹಿಡಿದರೆ ಶೇಕಡಾ 96ಕ್ಕೂ ಹೆಚ್ಚು. ಇಷ್ಟು ಚೆನ್ನಾಗಿ ಫಲ ಕೊಟ್ಟ ಕೆಲಸವನ್ನು ಕೇಳಿದಾಗ ನಿಜವಾಗಿಯೂ ಸಂತೋಷವಾಗುತ್ತದೆ.

ನಮ್ಮ ಬಂಡೀಪುರದಲ್ಲಿ ಹಿಡಿದ ದಾರಿ ಬೇರೆ. 2009ರಿಂದ ಅಲ್ಲಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ತಡೆ ಇದೆ. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ಅನುಮತಿ. 2010ರಲ್ಲಿ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ತೆರೆಯಬೇಕೆಂಬ ಒತ್ತಡ ಆಗಾಗ ಬರುತ್ತಲೇ ಇದೆ. ಈ ತಡೆ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ದಿನಕ್ಕೆ ಒಂಬತ್ತು ಗಂಟೆಯಾದರೂ ಆ ದಾರಿ ಆನೆ, ಕಡವೆ, ಹುಲಿಗಳದ್ದಾಗಿರಲಿ. ಹಗಲು ಹೋಗುವವರಿಗೂ ಒಂದು ಕೋರಿಕೆ. ತರಕಾರಿ ಲಾರಿಗಳ ರುಚಿ ಕಂಡ ಆನೆಗಳು ಅಲ್ಲಿ ರಸ್ತೆಗೇ ಬಂದು ನಿಲ್ಲುತ್ತವೆ. 2025ರ ಆಗಸ್ಟ್‌ನಲ್ಲಿ ಅಂಥ ಒಂದು ಆನೆಯ ಹತ್ತಿರ ಸೆಲ್ಫಿಗೆ ಹೋದ ವ್ಯಕ್ತಿಯೊಬ್ಬರು ಕಾಲಡಿಗೆ ಸಿಕ್ಕಿಯೂ ಉಳಿದರು. ಅರಣ್ಯ ಇಲಾಖೆ ಅವರಿಗೆ 25,000 ರೂಪಾಯಿ ದಂಡ ಹಾಕಿತು. ಗುಂಡ್ಲುಪೇಟೆ ದಾಟಿ ಕಾಡು ಶುರುವಾದ ಮೇಲೆ ದಯವಿಟ್ಟು ಗಾಡಿ ನಿಲ್ಲಿಸಬೇಡಿ. ಬಾಳೆಹಣ್ಣು, ಬಿಸ್ಕತ್ತು ಏನನ್ನೂ ಎಸೆಯಬೇಡಿ. ಆನೆ ರಸ್ತೆಯ ಮೇಲಿದ್ದರೆ ದೂರದಲ್ಲೇ ನಿಂತು ಕಾಯಿರಿ, ಹಾರ್ನ್ ಮಾಡಬೇಡಿ. ಅದು ಪೂರ್ತಿ ಕಾಡಿಗೆ ಇಳಿದ ಮೇಲೆ ಹೊರಡಿ.

ನಮಸ್ಕಾರ.