ಪ್ರತಿ ಈಡಿಗೂ ಒಂದೇ ಹದ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಕರಿಮದ್ದಿನ ರೈಫಲ್ ಬಗ್ಗೆ ಮಾತಾಡಿ ಎಂದು ಕರೆದಿದ್ದಾರೆ. ಸಂತೋಷ. ನಾನು ಇಪ್ಪತ್ತನಾಲ್ಕು ವರ್ಷ ಸೇನೆಯಲ್ಲಿ ಆರ್ಮರರ್ ಆಗಿದ್ದವನು. ಅಂದರೆ ಬೇರೆಯವರು ಹೊಡೆದು ಕೊಳಕು ಮಾಡಿದ್ದನ್ನು ಬಿಚ್ಚಿ, ತೊಳೆದು, ಸರಿಮಾಡಿ ಕೊಡುವವನು. ಹಾಗಾಗಿ ನನಗೆ ಗುರಿಗಿಂತ ಕೊಳೆಯ ಮೇಲೆಯೇ ಪ್ರೀತಿ ಜಾಸ್ತಿ.

ನೀವು ಯಾರು ಕೇಳುತ್ತಿದ್ದೀರಿ ಎಂದು ನನಗೆ ಗೊತ್ತು. ನಮ್ಮ ಕೊಡಗಿನ ಆಯುಧಪೂಜೆಯಾದ ಕೈಲ್ ಮುಹೂರ್ತಕ್ಕೆ ಅಜ್ಜನ ಕೋವಿಯನ್ನು ಗೋಡೆಯಿಂದ ಇಳಿಸಿ, ಒರೆಸಿ, ನಳಿಗೆಯ ತುದಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ, ದೀಪದ ಮುಂದೆ ಇಡುವವರು. ವರ್ಷಕ್ಕೆ ಒಂದೆರಡು ಸಲ ಗದ್ದೆಯಲ್ಲಿ ಹಲಗೆ ನೆಟ್ಟು ಈಡು ಹೊಡೆಯುವವರು. ಅಂಗಡಿಯಿಂದ ಡಬ್ಬಿ ತೋಟಾ ತಂದು ತೆಂಗಿನಕಾಯಿ ಒಡೆಯುವವರಿಗೆ ನನ್ನ ಮಾತಿನಿಂದ ಹೆಚ್ಚು ಉಪಯೋಗವಿಲ್ಲ. ಅವರದ್ದು ಹೊಗೆಯಿಲ್ಲದ ಮದ್ದು. ಅವರು ಹೋಗಿ ಒಂದು ಲೋಟ ಕಾಫಿ ಕುಡಿದು ಬರಲಿ.

ಉಳಿದವರಿಗೆ ನಾನು ಹೇಳುವುದು ಒಂದೇ ಮಾತು. ಪ್ರತಿ ಈಡಿಗೂ ನಳಿಗೆ ಒಂದೇ ಹದದಲ್ಲಿರಬೇಕು. ಅಷ್ಟೇ. ಇದನ್ನು ಇನ್ನೂ ನಾಲ್ಕು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕರಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಇದು ಉರಿದಾಗ ಎಲ್ಲವೂ ಗಾಳಿಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ಅದರಲ್ಲಿ ಒಂದಷ್ಟು ಆ ಬಿಳಿ ಹೊಗೆಯಾಗಿ ಹೊರಗೆ ಹೋಗುತ್ತದೆ. ಮಿಕ್ಕಿದ್ದು ನಳಿಗೆಯ ಒಳಗೋಡೆಗೆ ಅಂಟುತ್ತದೆ. ಬ್ರಿಟಿಷರ ಮಾರ್ಟಿನಿ ಹೆನ್ರಿ ರೈಫಲ್ ಕೇಳಿರುತ್ತೀರಿ. 1871ರಲ್ಲಿ ಅವರ ಸೇನೆಗೆ ಬಂದದ್ದು. ಒಂದು ಸಲಕ್ಕೆ ಒಂದೇ ತೋಟಾ. ಆ ಒಂದು ತೋಟಾದಲ್ಲಿ 85 ಗ್ರೇನ್ ಮದ್ದು, ಅಂದರೆ ಸುಮಾರು 5.5 ಗ್ರಾಂ. ಹತ್ತು ಈಡು ಹೊಡೆದರೆ 55 ಗ್ರಾಂ ಮದ್ದು ಉರಿಯಿತು. ಅದರ ಬೂದಿಯೆಲ್ಲ ಎಲ್ಲಿ ಹೋಗಬೇಕು ಹೇಳಿ?

ಈ ಬೂದಿಯನ್ನೇ ನಾನು ಕಿಟ್ಟ ಎನ್ನುತ್ತೇನೆ. ಒಲೆಯ ಬೂದಿಯಲ್ಲಿರುವ ಕ್ಷಾರವೇ ಇದರಲ್ಲೂ ಇದೆ. ಇದು ಉಪ್ಪಿನ ಜಾತಿ. ನಮ್ಮ ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಏನಾಗುತ್ತದೆ? ನೀರು ಬಿಟ್ಟುಕೊಳ್ಳುತ್ತದೆ ಅಲ್ವಾ? ಕಿಟ್ಟವೂ ಹಾಗೆಯೇ. ಗಾಳಿಯಲ್ಲಿ ತೇವ ಇದ್ದರೆ ಎಳೆದುಕೊಂಡು ಮೆತ್ತಗಾಗುತ್ತದೆ. ಗಾಳಿ ಒಣಗಿದ್ದರೆ ಬೇಯಿಸಿದ ಮಣ್ಣಿನ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೇ ಸೆಪ್ಟೆಂಬರಿನಲ್ಲಿ ಚೆನ್ನಾಗಿ ಹೊಡೆದ ರೈಫಲ್ಲು ಮಾರ್ಚಿನಲ್ಲಿ ಮಾನ ಕಳೆಯುತ್ತದೆ. ರೈಫಲ್ಲು ಅದೇ, ಕಣ್ಣೂ ಅದೇ. ನಳಿಗೆಯ ಹದ ಬೇರೆ.

ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ಊರವರ ಮುಂದೆ ಮಾನ ಕಳೆದುಕೊಂಡು ಕಲಿತದ್ದು.

1979ರ ಮಾರ್ಚ್ ತಿಂಗಳು. ರಜೆಯಲ್ಲಿ ಬಂದಿದ್ದೆ. ಕಾಫಿ ಕುಯ್ಲು ಮುಗಿದು, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಗೆ ಎಲ್ಲರೂ ಆಕಾಶ ನೋಡುತ್ತಿದ್ದ ದಿನಗಳು. ಗದ್ದೆ ಒಣಗಿ ಬಿರುಕು ಬಿಟ್ಟಿತ್ತು. ಆ ಗದ್ದೆಯಲ್ಲೇ ಈಡಿನ ಪಂದ್ಯ. ನೂರು ಗಜ ದೂರದಲ್ಲಿ ಹಲಗೆ. ಒಬ್ಬೊಬ್ಬರಿಗೆ ಹತ್ತು ಈಡು. ನನ್ನ ಕೈಯಲ್ಲಿ ಸೋದರಮಾವನ ಮಾರ್ಟಿನಿ. ಹಿಂದಿನ ರಾತ್ರಿ ಕೂತು ಕನ್ನಡಿಯ ಹಾಗೆ ಉಜ್ಜಿದ್ದೆ. ಮಿಲಿಟರಿ ಎಣ್ಣೆಯನ್ನು ಧಾರಾಳವಾಗಿ ಸವರಿದ್ದೆ. ಹೊಸ ಆರ್ಮರರ್ ಅಲ್ವಾ, ಜಂಬ ಇತ್ತು.

ಮೊದಲ ಮೂರು ಈಡು ಒಂದು ಅಂಗೈಯೊಳಗೆ ಬಿದ್ದವು. ಹುಡುಗರು ಚಪ್ಪಾಳೆ ತಟ್ಟಿದರು. ನಾಲ್ಕನೆಯದು ಒಂದು ಗೇಣು ಮೇಲೆ. ಐದನೆಯದು ಬಲಕ್ಕೆ. ಆರನೆಯದು ಎಲ್ಲಿ ಹೋಯಿತೋ ಆಮೇಲೆ ಹುಡುಕಬೇಕಾಯಿತು. ನಾನು ಏನು ಮಾಡಿದೆ ಗೊತ್ತಾ? ಹೇಳಲು ನಾಚಿಕೆ. ಸಣ್ಣ ಸುತ್ತಿಗೆ ತರಿಸಿ, ಗುರಿ ನೋಡುವ ಮುಂದಿನ ಸೈಟನ್ನು ಎಡಕ್ಕೆ ತಟ್ಟಿದೆ. ಏಳನೆಯದು ಇನ್ನೂ ದೂರ. ಮತ್ತೆ ಬಲಕ್ಕೆ ತಟ್ಟಿದೆ. ಎಂಟನೆಯ ಗುಂಡು ಹಲಗೆಯನ್ನೇ ಮುಟ್ಟಲಿಲ್ಲ. ಆಮೇಲೆ ತೋಟಾ ತುಂಬಿದವನನ್ನು ಬೈದೆ. ತೋಟಾ ತುಂಬಿದವನು ನಾನೇ.

ನನ್ನ ನಂತರ ಒಬ್ಬ ಅಜ್ಜ ಬಂದರು. ಎಪ್ಪತ್ತು ದಾಟಿದ್ದವರು. ಅವರದ್ದೂ ಮಾರ್ಟಿನಿಯೇ, ನನ್ನದಕ್ಕಿಂತ ಹಳೆಯದು, ಹಿಡಿಯ ಮರ ಒಡೆದು ತಂತಿ ಸುತ್ತಿತ್ತು. ಒಂದು ಈಡು ಹೊಡೆದರು. ಲಿವರ್ ಎಳೆದು ಖಾಲಿ ತೋಟಾ ಹೊರಗೆ ತೆಗೆದರು. ಆಮೇಲೆ ಕೋಟಿನ ಜೇಬಿನಿಂದ ಒಂದು ವಿಚಿತ್ರ ಸಾಮಾನು ತೆಗೆದರು. ಹಿಂಬದಿಗೆ ತೂತು ಕೊರೆದ ಹಳೆಯ ಹಿತ್ತಾಳೆ ತೋಟಾ. ಆ ತೂತಿಗೆ ಒಂದು ಮೊಳ ರಬ್ಬರ್ ನಳಿಕೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುತ್ತಾರಲ್ಲ, ಅಂಥದ್ದು. ಯಾವನೋ ಕಾಂಪೌಂಡರನ್ನು ಕಾಡಿ ತಂದದ್ದಂತೆ. ಆ ತೋಟಾವನ್ನು ರೈಫಲಿನೊಳಗೆ ಕೂರಿಸಿ, ರಬ್ಬರನ್ನು ಬಾಯಿಗೆ ಇಟ್ಟುಕೊಂಡು, ಹೊಟ್ಟೆಯಿಂದ ನಿಧಾನವಾಗಿ ಉಸಿರು ಬಿಟ್ಟರು. ಒಂದು, ಎರಡು, ಮೂರು, ನಾಲ್ಕು. ಊದಲಿಲ್ಲ. ಚಳಿಗೆ ಅಂಗೈ ಬೆಚ್ಚಗೆ ಮಾಡಿಕೊಳ್ಳುತ್ತೇವಲ್ಲ, ಹಾಗೆ ಹಾ ಎಂದು ಬಿಟ್ಟರು.

ಹುಡುಗರು ಬಿದ್ದು ಬಿದ್ದು ನಕ್ಕರು. ಊದುಗೊಳವೆ ಹಿಡಿದು ಅಜ್ಜ ಒಲೆ ಹಚ್ಚುತ್ತಿದ್ದಾರೆ ಎಂದರು. ನಾನೂ ನಕ್ಕೆ. ಅಜ್ಜ ತಲೆ ಎತ್ತಲಿಲ್ಲ. ಇನ್ನೊಂದು ತೋಟಾ ಹಾಕಿದರು, ಹೊಡೆದರು. ಮತ್ತೆ ಅದೇ ರಬ್ಬರು, ಅದೇ ಉಸಿರು. ಹತ್ತು ಈಡಿಗೂ ಹೀಗೆಯೇ. ಪಂದ್ಯ ನಡೆಸುವವರಿಗೆ ತಾಳ್ಮೆ ಹೋಗಿತ್ತು. ಕೊನೆಗೆ ಹಲಗೆ ತಂದರು. ಹತ್ತೂ ತೂತುಗಳನ್ನು ಒಂದು ದೊಡ್ಡ ವೀಳ್ಯದೆಲೆಯಿಂದ ಮುಚ್ಚಬಹುದಿತ್ತು. ನಿಜವಾಗಿಯೂ ಒಬ್ಬರು ಎಲೆ ಇಟ್ಟು ನೋಡಿದರು.

ಸಂಜೆ ನಾನು ಅವರ ಮನೆಯ ಕಯ್ಯಾಲೆಗೆ, ಅಂದರೆ ಜಗಲಿಗೆ, ಹೋಗಿ ಕೂತೆ. ಅಜ್ಜ, ಏನದು ಎಂದು ಕೇಳಿದೆ. ಅವರು ಮಾತಾಡಲಿಲ್ಲ. ನನ್ನ ರೈಫಲ್ ತರಿಸಿ, ಸಲಾಕೆಗೆ ಒಣ ಚಿಂದಿ ಸುತ್ತಿ ತುದಿಯಿಂದ ತಳ್ಳು ಎಂದರು. ತಳ್ಳಿದೆ. ಕರಕರ ಎಂದು ಸದ್ದು ಮಾಡಿ ಅರ್ಧದಲ್ಲಿ ನಿಂತಿತು. ಎರಡು ಕೈ ಹಾಕಿದರೂ ಹೋಗಲಿಲ್ಲ. ಅವರ ರೈಫಲಿನಲ್ಲಿ ಅದೇ ಸಲಾಕೆ ಬೆಣ್ಣೆಯೊಳಗೆ ಚಾಕು ಹೋದ ಹಾಗೆ ಹೋಯಿತು. ಹತ್ತು ಈಡು ಹೊಡೆದ ನಳಿಗೆ ಅದು, ತೊಳೆದಿರಲಿಲ್ಲ! ಹೊರಗೆ ಬಂದ ಚಿಂದಿ ಕಪ್ಪಗಿತ್ತು, ಒದ್ದೆಯಿತ್ತು, ಜಿಡ್ಡಾಗಿತ್ತು. ನನ್ನ ಚಿಂದಿಯಲ್ಲಿ ಬೂದು ಬಣ್ಣದ ಪುಡಿ, ಸೀಸದ ಸಣ್ಣ ಸಣ್ಣ ಚೂರುಗಳು.

ಆಗ ಬಾಯಿ ಬಿಟ್ಟರು. ನಿನ್ನ ಮಿಲಿಟರಿ ಎಣ್ಣೆಯನ್ನು ಬಸ್ಸಿನ ಚಕ್ರಕ್ಕೆ ಹಾಕು ಎಂದರು. ಆ ಮಾತನ್ನು ನಾನು ಈಗಲೂ ಮರೆತಿಲ್ಲ, ಮರೆಯಲು ನನ್ನ ಮಾವ ಬಿಟ್ಟಿಲ್ಲ.

ಏನಾಗಿತ್ತು ಎಂದರೆ, ನಳಿಗೆಯೊಳಗೆ ತಿರುಪಿನ ಗೆರೆಗಳಿರುತ್ತವೆ. ಗುಂಡನ್ನು ಬುಗುರಿಯ ಹಾಗೆ ತಿರುಗಿಸಿ ಕಳಿಸುವುದು ಆ ಗೆರೆಗಳೇ. ಒಣಗಿದ ಕಿಟ್ಟ ಆ ಗೆರೆಗಳಲ್ಲಿ ಗಾರೆಯ ಹಾಗೆ ತುಂಬಿತು. ಮೆತ್ತನೆಯ ಸೀಸದ ಗುಂಡು ಗೆರೆ ಹಿಡಿಯಲಾಗದೆ ತರಚಿಕೊಂಡು ಹೋಯಿತು. ಪ್ರತಿ ಈಡಿಗೂ ಕಿಟ್ಟ ಇನ್ನಷ್ಟು ಏರಿತು. ಅಂದರೆ ನಾನು ಹತ್ತು ಈಡನ್ನು ಹತ್ತು ಬೇರೆ ಬೇರೆ ನಳಿಗೆಯಿಂದ ಹೊಡೆದ ಹಾಗಾಯಿತು. ಅಜ್ಜ ಹತ್ತನ್ನೂ ಒಂದೇ ನಳಿಗೆಯಿಂದ ಹೊಡೆದರು. ಅವರ ಉಸಿರಿನಲ್ಲಿದ್ದ ನೀರಿನಂಶ ಕಿಟ್ಟಕ್ಕೆ ಇಳಿದು, ಅದು ಮೆತ್ತಗೇ ಉಳಿಯಿತು. ಮುಂದಿನ ಗುಂಡು ಹೋಗುವಾಗ ಹಿಂದಿನದರ ಕಿಟ್ಟವನ್ನು ತಾನೇ ಬಳಿದುಕೊಂಡು ಹೋಯಿತು.

ನಾನು ಜಾಣನ ಹಾಗೆ ಇನ್ನೊಂದು ಪ್ರಶ್ನೆ ಕೇಳಿದೆ. ಅಜ್ಜ, ಮೊದಲು ನಾಲ್ಕು ಉಸಿರು ಬಿಟ್ಟಿರಿ, ಕೊನೆಗೆ ಏಳು ಬಿಟ್ಟಿರಿ. ಲೆಕ್ಕ ತಪ್ಪಿತಾ? ಅವರು ನಕ್ಕರು. ನಿನ್ನ ಅವ್ವ ಅಕ್ಕಿ ರೊಟ್ಟಿಗೆ ಹಿಟ್ಟು ನಾದುವಾಗ ನೀರನ್ನು ಅಳೆದು ಹಾಕುತ್ತಾಳಾ? ಕೈಗೆ ಹದ ಸಿಗುವವರೆಗೆ ಹಾಕುತ್ತಾಳೆ ಎಂದರು. ನಳಿಗೆ ಕಾದ ಮೇಲೆ ತೇವ ಬೇಗ ಆರುತ್ತದೆ. ಆಗ ಉಸಿರು ಜಾಸ್ತಿ ಬೇಕು. ಒಂದೇ ಇರಬೇಕಾದದ್ದು ಉಸಿರಿನ ಎಣಿಕೆಯಲ್ಲ, ನಳಿಗೆಯ ಹದ. ಹೇಳಿದೆನಲ್ಲ, ನಾಲ್ಕು ಸಲ ಹೇಳುತ್ತೇನೆ ಎಂದು.

ನನಗೆ ಕೊಟ್ಟ ಹತ್ತು ನಿಮಿಷದಲ್ಲಿ ಕಥೆಯೇ ಆರು ನಿಮಿಷ ತಿಂದಿತು. ಇನ್ನು ಬೇಗ ಬೇಗ ಹೇಳುತ್ತೇನೆ.

ಉಸಿರು ಬಿಡುವುದು ಹಿಂದಿನಿಂದ ತೆರೆಯುವ ರೈಫಲಿಗೆ ಮಾತ್ರ. ಅದೂ ಬಾಗಿಲು ತೆರೆದು, ಒಳಗೆ ಏನೂ ಇಲ್ಲವೆಂದು ಬೆರಳು ಹಾಕಿ ನೋಡಿದ ಮೇಲೆ. ಮುಂದಿನಿಂದ ತುಂಬುವ ಕೇಪಿನ ಕೋವಿಯ ಬಾಯಿಗೆ ಯಾರೂ ಬಾಯಿ ಇಡಬೇಡಿ. ಸುಮ್ನೆ ಹೇಳುತ್ತಿಲ್ಲ. ಅದಕ್ಕೆ ಒದ್ದೆ ಚಿಂದಿ ಸಾಕು.

ಚಿಂದಿಯ ಲೆಕ್ಕವೂ ಅದೇ. ಪ್ರತಿ ಈಡಾದ ಮೇಲೆ ಒಂದು ತೇವದ ಚಿಂದಿ, ಒಂದು ಒಣ ಚಿಂದಿ. ತೇವ ಎಂದರೆ ನಾಲಗೆಗೆ ಸವರಿದಷ್ಟು, ಬಕೆಟ್ಟಿಗೆ ಅದ್ದಿದಷ್ಟಲ್ಲ. ನೀರು ಹರಿದರೆ ಮುಂದಿನ ಮದ್ದು ನೆನೆಯುತ್ತದೆ. ಮೂರು ಈಡಿಗೊಮ್ಮೆ ಒರೆಸುತ್ತೇನೆ, ನೆನಪಾದಾಗ ಒರೆಸುತ್ತೇನೆ ಎನ್ನುವವರು ಒರೆಸದೇ ಇರುವುದೇ ವಾಸಿ.

ಮೂರನೆಯದು ಜಿಡ್ಡು. ಗುಂಡಿನ ಹಿಂದೆ ಅಥವಾ ಗುಂಡಿನ ಸುತ್ತಲಿನ ಗೆರೆಗಳಲ್ಲಿ ಮೆತ್ತನೆಯ ಜಿಡ್ಡು ಇರಬೇಕು. ಜೇನುಮೇಣಕ್ಕೆ ನಮ್ಮಲ್ಲಿ ಬರವಿಲ್ಲ. ಅದಕ್ಕೆ ಹರಳೆಣ್ಣೆಯನ್ನೋ, ಉಪ್ಪು ಸೋಕದ ಹಂದಿ ಕೊಬ್ಬನ್ನೋ ಸೇರಿಸಿ ಕರಗಿಸಿ. ಬೆರಳಿಗೆ ಸುಲಭವಾಗಿ ಸವರಿಕೊಳ್ಳುವಷ್ಟು ಮೆತ್ತಗಿರಲಿ. ಪೆಟ್ರೋಲಿಯಂ ಎಣ್ಣೆ ಬೇಡ, ಅದು ಕಿಟ್ಟದ ಜೊತೆ ಸೇರಿ ಡಾಂಬರಿನ ಹಾಗಾಗುತ್ತದೆ. ಬಸ್ಸಿನ ಚಕ್ರ ನೆನಪಿದೆಯಲ್ಲ? ಜಿಡ್ಡು ಸಾಕಾಯಿತಾ ಎಂದು ತಿಳಿಯಲು ನಳಿಗೆಯ ತುದಿ ನೋಡಿ. ಅಲ್ಲಿ ನಕ್ಷತ್ರದ ಆಕಾರದಲ್ಲಿ ಒದ್ದೆ ಜಿಡ್ಡು ಕಂಡರೆ ಸರಿ. ಒಣಗಿ ಬೂದು ಬಣ್ಣ ಕಂಡರೆ ಜಿಡ್ಡು ತುದಿಯವರೆಗೆ ತಲುಪಿಲ್ಲ. ಮಾರ್ಟಿನಿಯ ನಳಿಗೆ 33 ಇಂಚು ಉದ್ದ, ಸಣ್ಣ ದಾರಿಯಲ್ಲ.

1857ರಲ್ಲಿ ಎನ್‌ಫೀಲ್ಡ್ ತೋಟಾದ ಕೊಬ್ಬಿನ ವಿಷಯಕ್ಕೆ ಸಿಪಾಯಿಗಳು ಸಿಡಿದೆದ್ದದ್ದನ್ನು ಶಾಲೆಯಲ್ಲಿ ಓದಿದ್ದೀರಿ. ಹಸುವಿನದ್ದಾ, ಹಂದಿಯದ್ದಾ ಎಂದು ಎಲ್ಲ ಮೇಷ್ಟ್ರೂ ಹೇಳುತ್ತಾರೆ. ತೋಟಾಕ್ಕೆ ಕೊಬ್ಬು ಯಾಕೆ ಬೇಕಿತ್ತು ಎಂದು ನನಗೆ ಯಾವ ಮೇಷ್ಟ್ರೂ ಹೇಳಲಿಲ್ಲ. ಇದೇ ಕಿಟ್ಟಕ್ಕೆ! ಮುಂದಿನಿಂದ ತುಂಬುವ ರೈಫಲಿನಲ್ಲಿ ಕಿಟ್ಟ ಗಟ್ಟಿಯಾದರೆ ಮುಂದಿನ ಗುಂಡು ಕೆಳಗೆ ಇಳಿಯುವುದೇ ಇಲ್ಲ.

ಇನ್ನೊಂದು ಸಂಗತಿ, ಇದು ಅಮೆರಿಕದ್ದು. 1874ರಲ್ಲಿ ನ್ಯೂಯಾರ್ಕ್ ಹತ್ತಿರದ ಕ್ರೀಡ್‌ಮೂರ್ ಮೈದಾನದಲ್ಲಿ ಐರ್ಲೆಂಡಿನವರಿಗೂ ಅಮೆರಿಕದವರಿಗೂ ಪಂದ್ಯ. 800, 900, 1000 ಗಜ ದೂರ. ಐರ್ಲೆಂಡಿನವರದ್ದು ಮುಂದಿನಿಂದ ತುಂಬುವ ರೈಫಲ್ಲು, ಅಮೆರಿಕದವರದ್ದು ಹಿಂದಿನಿಂದ ತುಂಬುವ ಒಂಟಿ ಈಡಿನದ್ದು. ಎಲ್ಲರದ್ದೂ ಕರಿಮದ್ದೇ. 934ಕ್ಕೆ 931. ಮೂರೇ ಪಾಯಿಂಟಿನಲ್ಲಿ ಅಮೆರಿಕ ಗೆದ್ದಿತು. ಐರ್ಲೆಂಡಿನ ಒಬ್ಬರು ಒಂದು ಗುಂಡನ್ನು ಪಕ್ಕದ ಹಲಗೆಗೆ ಹೊಡೆದಿದ್ದರು, ಅದು ಬೇರೆ ಕಥೆ. ಸಾವಿರ ಗಜಕ್ಕೆ ಕರಿಮದ್ದಿನಲ್ಲಿ ಹೊಡೆದರು ಎನ್ನುವುದನ್ನು ಗಮನಿಸಿ. ನೂರು ಗಜಕ್ಕೆ ನಮ್ಮ ಹುಡುಗರು ಮದ್ದು ಸರಿಯಿಲ್ಲ ಎಂದು ದೂರುತ್ತಾರೆ. ಮದ್ದು ಸರಿಯಾಗಿಯೇ ಇದೆ ಮಹಾರಾಯರೇ. ಪ್ರತಿ ಈಡಿಗೂ ನಳಿಗೆ ಒಂದೇ ಹದದಲ್ಲಿರಬೇಕು.

ಕೊನೆಯದಾಗಿ ತೊಳೆಯುವುದು. ಸೀಮೆಎಣ್ಣೆಯಲ್ಲಿ ಕಿಟ್ಟ ಕರಗುವುದಿಲ್ಲ. ಉಪ್ಪು ಸೀಮೆಎಣ್ಣೆಯಲ್ಲಿ ಕರಗಿದ್ದನ್ನು ಯಾರಾದರೂ ನೋಡಿದ್ದೀರಾ? ನೀರು ಬೇಕು. ಕೋವಿಗೆ ನೀರು ಹಾಕಿದರೆ ತುಕ್ಕು ಹಿಡಿಯುತ್ತದೆ ಎಂದು ಹೆದರಿ, ಕಿಟ್ಟವನ್ನು ಒಳಗೇ ಬಿಟ್ಟು ಎಣ್ಣೆ ಸವರಿ ಗೋಡೆಗೆ ನೇತುಹಾಕುತ್ತೀರಿ. ನಮ್ಮ ಮಳೆಗಾಲದಲ್ಲಿ ಆ ಕಿಟ್ಟ ರಾತ್ರಿಯಿಡೀ ನೀರು ಎಳೆದುಕೊಳ್ಳುತ್ತದೆ. ಬೆಳಗ್ಗೆ ನಳಿಗೆ ಕೆಂಪು. ಎಷ್ಟು ಐನ್‌ಮನೆಗಳ, ಅಂದರೆ ಕುಲದ ಹಿರಿಮನೆಗಳ, ಕೋವಿಗಳು ಹೀಗೆ ಹಾಳಾಗಿದ್ದನ್ನು ನೋಡಿದ್ದೇನೋ, ಹೊಟ್ಟೆ ಉರಿಯುತ್ತದೆ. ಬಚ್ಚಲಿನ ಹಂಡೆಯಲ್ಲಿ ಬಿಸಿ ನೀರು ಇದ್ದೇ ಇರುತ್ತದೆ. ಹೊಡೆದ ದಿನವೇ, ಸಂಜೆಯೇ, ನಾಲ್ಕು ಚೊಂಬು ಬಿಸಿ ನೀರು, ಸ್ವಲ್ಪ ಸೋಪು. ಬಿಸಿ ನೀರಿಗೆ ಕಬ್ಬಿಣ ಕಾಯುವುದರಿಂದ ಬೇಗ ಆರುತ್ತದೆ. ಚಿಂದಿ ಬೆಳ್ಳಗೆ ಹೊರಬರುವವರೆಗೆ ಒರೆಸಿ. ಆಮೇಲೆ ಬೇಕಾದ ಎಣ್ಣೆ ಹಾಕಿ, ಬೇಡ ಎನ್ನುವುದಿಲ್ಲ. ಮುಂದಿನ ಸಲ ಹೊಡೆಯುವ ಮೊದಲು ಆ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆದುಬಿಡಿ.

ಒಂದು ಎಚ್ಚರಿಕೆ. ಕಿಟ್ಟಕ್ಕೆ ಬಿಸಿ ನೀರು ಬಿದ್ದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ಗಂಧಕದ ಕೆಲಸ. ನಮ್ಮ ಮನೆಯಲ್ಲಿ ಕೋವಿ ತೊಳೆಯುವುದು ಅಂಗಳದಲ್ಲಿ, ಅದೂ ನೆಂಟರು ಹೋದ ಮೇಲೆ ಎಂದು ಮನೆಯವಳ ಆರ್ಡರ್ ಆಗಿದೆ.

ನಮಸ್ಕಾರ.